ಕೂಸು ಹುಟ್ಟಿದ ವಾರಕ್ಕೇ ಹುಡುಗನನ್ನು ಬಸ್ ಹತ್ತಿಸಬೇಡಿ

ಕೂಸು ಹುಟ್ಟಿ ಎಂಟು ದಿನ ಆಗಿರುವುದಿಲ್ಲ, ಅಷ್ಟರಲ್ಲಿ ಅದರ ಅಪ್ಪನಾದ ಹುಡುಗನ ಬ್ಯಾಗು ತುಂಬಿ ಬಾಗಿಲ ಬಳಿ ಕೂತಿರುತ್ತದೆ. ಗೋವಾ, ಮಂಗಳೂರು, ಇಲ್ಲವೇ ಬೆಂಗಳೂರು. ಸೆಂಟ್ರಿಂಗ್ ಕೆಲಸ, ಗಾರೆ ಕೆಲಸ, ಏನೋ ಒಂದು. "ಹೊಣಿ ಬಿತ್ತಲ್ರಿ, ಇನ್ನ ದುಡೀಲಿ" ಅನ್ನುತ್ತಾನೆ ಅವನ ಅಪ್ಪ. "ಹುಡುಗಿ ಹೆಂಗೂ ತವರಾಗದಾಳ, ಇವ ಇಲ್ಲಿ ಕುಂತು ಏನ್ ಮಾಡ್ತಾನ್ರಿ?" ಅನ್ನುತ್ತಾಳೆ ಅವ್ವ. ಕೊಪ್ಪಳ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಹದಿಹರೆಯದ ಹುಡುಗರ ಜೊತೆ ಕೆಲಸ ಮಾಡುವ ನಾನು ಈ ಮಾತು ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ವಯಸ್ಸು ತುಂಬದವರ ಇಂಥ ಮದುವೆ ಆಗಲೇಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆಗುತ್ತಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅವರ ಗಂಡಂದಿರೆಲ್ಲ ಬೆಳೆದು ನಿಂತವರಲ್ಲ. ಕೆಲವರಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರುವುದಿಲ್ಲ.

ಕಾನೂನಿನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ, ನಾನು ವಕೀಲನಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಲೆಕ್ಕದಲ್ಲಿ ಇಪ್ಪತ್ತೊಂದು ತುಂಬದ ಗಂಡು ಇನ್ನೂ ಮಗು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯ ಲೆಕ್ಕದಲ್ಲಿ ಹದಿನೆಂಟು ತುಂಬಿದವನು ಪೂರಾ ವಯಸ್ಕ. ಹತ್ತೊಂಬತ್ತರ ಹುಡುಗ ಎರಡರ ನಡುವೆ ಸಿಕ್ಕಿಕೊಂಡಿರುತ್ತಾನೆ. ಹುಡುಗಿಗೆ ಹದಿನೆಂಟು ತುಂಬಿಲ್ಲವೆಂದು ಗೊತ್ತಾದರೆ ತಿಳಿಸಬೇಕಾದಲ್ಲಿ ತಿಳಿಸುವುದು ನನ್ನ ಕರ್ತವ್ಯ. "ನೀ ಹೇಳಿದ್ದು ನನ್ನ ಹೊಟ್ಟ್ಯಾಗೇ ಇರತೈತಿ" ಎಂದು ನಾನು ಯಾವ ಹುಡುಗನಿಗೂ ಮಾತು ಕೊಡುವುದಿಲ್ಲ, ಮೊದಲ ದಿನವೇ ಬಿಡಿಸಿ ಹೇಳಿಬಿಡುತ್ತೇನೆ. ಇನ್ನೊಂದು ಮಾತು. ಹುಡುಗಿಗೆ ಅವನ ಭಯವಿದ್ದರೆ, ಅವನು ಕೈ ಎತ್ತಿದವನಾಗಿದ್ದರೆ, ಈ ಅಂಕಣದ ಯಾವ ಸಲಹೆಯೂ ಅಲ್ಲಿಗೆ ಸಲ್ಲುವುದಿಲ್ಲ. ಅಲ್ಲಿ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.

ಉಳಿದವರ ವಿಷಯಕ್ಕೆ ಬರೋಣ. ದುಡ್ಡು ಕಳಿಸಿದರೆ ಅಪ್ಪನ ಕೆಲಸ ಮುಗಿಯಿತು ಎಂದುಕೊಂಡಿದ್ದೀರಲ್ಲ, ಅದರಿಂದ ಏನಾಗುತ್ತದೆ ನೋಡಿ. ಹುಡುಗ ಹೋಗುತ್ತಾನೆ. ತಿಂಗಳಿಗೊಮ್ಮೆ ಫೋನ್‌ಪೇ ಮಾಡುತ್ತಾನೆ. ಗವಿಮಠದ ಜಾತ್ರೆಗೋ ಯುಗಾದಿಗೋ ಊರಿಗೆ ಬಂದು, ಹೊಸ ಅಂಗಿ ಹಾಕಿಕೊಂಡು ಅತ್ತೆಯ ಮನೆಗೆ ಹೋಗುತ್ತಾನೆ. ಕೂಸು ಅವನ ಮುಖ ನೋಡಿ ಚೀರುತ್ತದೆ. ಮನೆ ತುಂಬ ಹೆಂಗಸರು, ಎಲ್ಲರೂ ನಗುತ್ತಾರೆ. ತಮಾಷೆಗೇ ನಗುತ್ತಾರೆ, ಆದರೆ ಹತ್ತೊಂಬತ್ತರ ವಯಸ್ಸಿಗೆ ಅದು ತಮಾಷೆ ಅನ್ನಿಸುವುದಿಲ್ಲ. ನಾಲ್ಕು ದಿನದ ರಜೆ ಎರಡೇ ದಿನಕ್ಕೆ ಮುಗಿಯುತ್ತದೆ. ಮುಂದಿನ ಹಬ್ಬಕ್ಕೆ "ಮೇಸ್ತ್ರಿ ಬಿಡವಲ್ಲ" ಎಂಬ ಫೋನು ಬರುತ್ತದೆ. ಆಮೇಲೆ ಫೋನೂ ಇಲ್ಲ, ದುಡ್ಡೂ ಇಲ್ಲ. ಊರು ಅವನನ್ನು ಬೇಜವಾಬ್ದಾರಿ ಅನ್ನುತ್ತದೆ. ನಾನು ಕಂಡ ಹುಡುಗರಲ್ಲಿ ಬಹಳಷ್ಟು ಜನಕ್ಕೆ ಇದ್ದದ್ದು ನಾಚಿಕೆ. ಕೂಸನ್ನು ಹೇಗೆ ಎತ್ತಿಕೊಳ್ಳಬೇಕೆಂದು ಯಾರೂ ತೋರಿಸಿಕೊಟ್ಟಿಲ್ಲ, ಕೇಳಲು ಬಾಯಿಲ್ಲ.

ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿಕೊಂಡು ಇಕ್ಕಟ್ಟಿನ ಓಣಿಯಲ್ಲಿ ರಿವರ್ಸ್ ತರುವ ಹುಡುಗನೊಬ್ಬನಿದ್ದ. ಅವನ ಮಗಳು ಹುಟ್ಟಿದಾಗ ಎರಡು ಕಿಲೋ ನೂರು ಗ್ರಾಂ. "ಅಣ್ಣಾರ, ನಾ ಹಿಡದ್ರ ಅದರ ಕುತಗಿ ಗಿತಗಿ ಉಳುಕೀತು" ಎಂದು ವಾರ್ಡಿನ ಹೊರಗೇ ನಿಂತಿದ್ದ. ತೂಕ ಕಡಿಮೆ ಇರುವ ಕೂಸುಗಳಿಗೆ ಕಾಂಗರೂ ಆರೈಕೆ ಎಂದು ಮಾಡಿಸುತ್ತಾರೆ, ಬರಿಯ ಎದೆಗೆ ಕೂಸನ್ನು ಒತ್ತಿ ಕಟ್ಟಿಕೊಳ್ಳುವುದು. ದಿನಕ್ಕೆ 8ರಿಂದ 24 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸು. ಹೊಲಿಗೆ ಹಾಕಿಸಿಕೊಂಡು, ರಕ್ತ ಕಡಿಮೆಯಾಗಿ ಮಲಗಿರುವ ಹುಡುಗಿಯೊಬ್ಬಳಿಂದಲೇ ಅಷ್ಟು ಹೊತ್ತು ಆಗುವ ಮಾತಲ್ಲ. ನರ್ಸಮ್ಮ ಇವನನ್ನು ಒಳಗೆ ಕರೆದು, ಅಂಗಿ ಬಿಚ್ಚಿಸಿ, ಕುರ್ಚಿಯಲ್ಲಿ ಒರಗಿಸಿ, ಕೂಸನ್ನು ಕಪ್ಪೆಯಂತೆ ಎದೆಯ ಮೇಲಿಟ್ಟು, ಮೇಲೆ ಬಟ್ಟೆ ಬಿಗಿದರು. ಉಸಿರು ಬಿಡಲೂ ಹೆದರಿ ಕೂತಿದ್ದ. ಅವನ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದರು, ಅಳಿಯನನ್ನು ಬರಿಮೈಯಲ್ಲಿ ನೋಡುವ ಸಂಕೋಚ ಅದು. ಅರ್ಧ ಗಂಟೆ ಕಳೆದ ಮೇಲೆ ನನ್ನನ್ನು ಸನ್ನೆ ಮಾಡಿ ಕರೆದು, "ಬಿಕ್ಕಳಿಕಿ ಬರಾಕತ್ತೈತ್ರಿ, ಏನರ ಆಗತೈತೇನು?" ಎಂದ. ಏನೂ ಆಗುವುದಿಲ್ಲ ಎಂದೆ. ಆಮೇಲೆ ಅವನನ್ನು ಎಬ್ಬಿಸುವುದೇ ಕಷ್ಟವಾಯಿತು.

ತವರಿನ ಬಾಣಂತನ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಕೇಳುವವರೂ ಇಲ್ಲ, ಮೇಲಾಗಿ ಹುಡುಗಿಗೆ ಅವಳ ಅವ್ವ ಬೇಕು. ಅಳಿಯ ಬಂದರೆ ಹೊರಗಿನ ಕಟ್ಟೆಯ ಮೇಲೆ ಚಹಾ ಕೊಟ್ಟು ಕಳಿಸಬೇಡಿ, ಇಷ್ಟೇ. ಅವನದೇ ಆದ ಒಂದು ಕೆಲಸವನ್ನು ಅವನ ಕೈಗೆ ಕೊಡಿ. ಹಾಲು ಕುಡಿದ ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸಲಿ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗೆ ತಾಯಿ ಕಾರ್ಡ್ ಹಿಡಿದು ಅವನೇ ಬರಲಿ. ಅಂಗನವಾಡಿ ಟೀಚರಮ್ಮಂದಿರೇ, ಅವನು ತೂಕ ಕೇಳಲು ಬಂದಾಗ "ನಿಮ್ಮವ್ವನ್ನ ಕಳಸು" ಎಂದು ದಯವಿಟ್ಟು ಓಡಿಸಬೇಡಿ. ಧೈರ್ಯ ಮಾಡಿ ಬಂದಿರುತ್ತಾನೆ.

ಸಾಲವಿದೆ, ಹೋಗಲೇಬೇಕು ಎನ್ನುವ ಮನೆಗಳೂ ಇವೆ, ಗುಳೆ ಹೋಗದೆ ಒಲೆ ಹೊತ್ತದ ಮನೆಗಳ ಬಗ್ಗೆ ನಾನು ಉಪದೇಶ ಮಾಡಲಾರೆ. ಆದರೂ ಮೂರು ತಿಂಗಳು ತಡೆಯಲು ಆಗುತ್ತದೆಯೇ ನೋಡಿ. ಹತ್ತಿರದ ಊರಲ್ಲಿ ಕೂಲಿ ಕಡಿಮೆ ಸಿಕ್ಕರೂ ರಾತ್ರಿಗೆ ಮನೆ ಸೇರುವ ಕೆಲಸ ಹುಡುಕಿ. ಅದೂ ಆಗದಿದ್ದರೆ ಲಸಿಕೆಯ ದಿನಕ್ಕೆ ಊರಿಗೆ ಬರುವಂತೆ ಮೇಸ್ತ್ರಿಯ ಹತ್ತಿರ ಮೊದಲೇ ಮಾತಾಡಿಕೊಳ್ಳಲಿ. ಜಾತ್ರೆಗೆ ರಜೆ ಕೊಡುವ ಮೇಸ್ತ್ರಿ ಇದಕ್ಕೂ ಕೊಡುತ್ತಾನೆ, ಕೇಳಬೇಕಷ್ಟೆ.

ಹೋಗುವ ಮುನ್ನ ಒಂದು ಕೆಲಸ ಮುಗಿಸಿ ಹೋಗಲಿ. ಜನನ ನೋಂದಣಿ 21 ದಿನದೊಳಗಾದರೆ ಶುಲ್ಕವಿಲ್ಲ. ಕೇಸಿನ ಭಯಕ್ಕೆ ಅಪ್ಪನ ಹೆಸರು ಖಾಲಿ ಬಿಡುವವರು, ಹುಡುಗಿಯ ವಯಸ್ಸು ಹೆಚ್ಚಿಸಿ ಬರೆಸುವವರು ಇದ್ದಾರೆ. ಎರಡೂ ಬೇಡ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್ ಎಲ್ಲದಕ್ಕೂ ಈ ಜನನ ಪತ್ರವೇ ಆಧಾರ, ಇವತ್ತು ಬರೆಸಿದ ಸುಳ್ಳು ಶಾಲೆಯ ಬಾಗಿಲಲ್ಲಿ ಎದುರಾಗುತ್ತದೆ. ಮದುವೆ ರದ್ದಾದರೂ ಮಗು ಕಾನೂನುಬದ್ಧ ಎಂದು ಅದೇ 2006ರ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಹುಡುಗಿಗೆ ಹದಿನೆಂಟು ತುಂಬಿಲ್ಲದಿದ್ದರೆ ನೋಂದಣಿಯ ಅರ್ಜಿ ಬರೆಯುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಹುಡುಗನೂ ಜೊತೆಗೆ ಹೋಗಲಿ.