ರಿಪೋರ್ಟ್ ನಾರ್ಮಲ್, ಆದರೆ ಛತ್ರದಲ್ಲಿ ಮಾತೇ ತಿಳಿಯಲ್ಲ!

ಪ್ರಶ್ನೆ: ಕಿವಿ ಪರೀಕ್ಷೆ ಮಾಡಿಸಿದೆ, ಎರಡೂ ನಾರ್ಮಲ್ ಅಂದರು. ಆದರೂ ಮದುವೆ ಮನೆಯಲ್ಲಿ ಪಕ್ಕದವರ ಮಾತು ಅರ್ಥವಾಗುವುದಿಲ್ಲ. ಇದನ್ನು ಅಳೆಯೋಕೆ ಆಗುತ್ತಾ?

ಆಗುತ್ತೆ. ನೀವು ಮಾಡಿಸಿದ್ದು ಬೇರೆ ಪರೀಕ್ಷೆ, ಅಷ್ಟೇ. ಸದ್ದಿಲ್ಲದ ಬೂತ್‌ನಲ್ಲಿ ಕೂರಿಸಿ, ಒಂದೊಂದೇ ಕಿವಿಗೆ 'ಕುಂಯ್' ಅನ್ನಿಸಿ, ಕೇಳಿದಾಗ ಬಟನ್ ಒತ್ತಿ ಅಂದಿರುತ್ತಾರೆ. ಎಷ್ಟು ಸಣ್ಣ ಸದ್ದು ಕೇಳುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಛತ್ರದಲ್ಲಿ ಸದ್ದಿಗೇನು ಬರವೇ? ಓಲಗ, ಪಾತ್ರೆ ಸದ್ದು, ಹತ್ತು ಜನರ ಹರಟೆ, ಇಷ್ಟರ ನಡುವಿಂದ ಒಬ್ಬರ ಮಾತನ್ನು ಹೆಕ್ಕಬೇಕು. ಅದು ಎರಡು ಕಿವಿ, ಮಿದುಳು ಎಲ್ಲ ಸೇರಿ ಮಾಡುವ ಕೆಲಸ.

ಅದನ್ನು ಅಳೆಯಲು 1994ರಲ್ಲಿ ಅಮೆರಿಕದಲ್ಲಿ ಬಂದ 'ಹಿಂಟ್' (ಹಿಯರಿಂಗ್ ಇನ್ ನಾಯ್ಸ್ ಟೆಸ್ಟ್, ಅಂದರೆ ಗದ್ದಲದಲ್ಲಿ ಕೇಳುವ ಪರೀಕ್ಷೆ) ಅನ್ನುವುದನ್ನೇ ನೋಡಿ. ಎದುರಿನಿಂದ ಸಣ್ಣ ಸಣ್ಣ ವಾಕ್ಯ ಬರುತ್ತವೆ, ಜೊತೆಗೆ 65 ಡೆಸಿಬೆಲ್‌ನಲ್ಲಿ (ಸದ್ದಿನ ಜೋರನ್ನು ಅಳೆಯುವ ಲೆಕ್ಕ) ಒಂದೇ ಸಮನೆ ಗದ್ದಲ. ಕೇಳಿದ ವಾಕ್ಯವನ್ನು ತಿರುಗಿ ಹೇಳಬೇಕು. ಸರಿ ಹೇಳಿದರೆ ಮುಂದಿನದು ಇನ್ನೂ ಮೆಲ್ಲಗೆ ಬರುತ್ತದೆ, ತಪ್ಪಿದರೆ ಜೋರಾಗಿ. ಹೀಗೆ ಏರಿಳಿದು, ಅರ್ಧದಷ್ಟು ವಾಕ್ಯ ಮಾತ್ರ ಸಿಗುವ ಮಟ್ಟವೇ ನಿಮ್ಮ ಅಂಕ.

ಮಜಾ ಇರುವುದು ಮುಂದೆ. ಗದ್ದಲವೂ ಎದುರಿನಿಂದಲೇ ಬಂದರೆ, ಕಿವಿ ಚೆನ್ನಾಗಿರುವವರಿಗೆ ಮಾತು ಗದ್ದಲಕ್ಕಿಂತ ಸುಮಾರು 2.6 ಡೆಸಿಬೆಲ್ ಕಮ್ಮಿ ಇದ್ದರೂ ಅರ್ಧ ಸಿಗುತ್ತದೆ. ಅದೇ ಗದ್ದಲವನ್ನು ಪಕ್ಕಕ್ಕೆ ಸರಿಸಿದರೆ ಸುಮಾರು 10 ಡೆಸಿಬೆಲ್ ಕಮ್ಮಿ ಇದ್ದರೂ ಸಾಕು! ಗದ್ದಲ ಅಷ್ಟೇ ಇದೆ, ಬಂದ ದಿಕ್ಕು ಮಾತ್ರ ಬೇರೆ. ಈ ವ್ಯತ್ಯಾಸ ಸಣ್ಣದಲ್ಲ, ಆ ಮಟ್ಟದಲ್ಲಿ ಒಂದೊಂದು ಡೆಸಿಬೆಲ್‌ಗೂ ಸುಮಾರು 10% ಮಾತು ಜಾಸ್ತಿ ಸಿಗುತ್ತದೆ. ಯಾಕೆ ಹೀಗೆ ಅಂದರೆ, ಆಚೆ ಕಿವಿಗೆ ತಲೆಯೇ ಗೋಡೆ ಥರ ಅಡ್ಡ ನಿಲ್ಲುತ್ತದೆ, ಜೊತೆಗೆ ಒಂದು ಕಿವಿ ಮುಟ್ಟಿದ ಸದ್ದು ಇನ್ನೊಂದನ್ನು ಮುಟ್ಟುವಷ್ಟರಲ್ಲಿ ಆಗುವ ತಡ ಸೆಕೆಂಡಿನ ಸಾವಿರದ ಒಂದು ಪಾಲೂ ಇಲ್ಲದಿದ್ದರೂ ಮಿದುಳು ಅದನ್ನು ಹಿಡಿದು ದಿಕ್ಕು ಬೇರ್ಪಡಿಸುತ್ತದೆ. ನಿಮಗೆ ಗದ್ದಲ ಪಕ್ಕಕ್ಕೆ ಹೋದರೂ ಅಂಕ ಅಷ್ಟಾಗಿ ಸುಧಾರಿಸದಿದ್ದರೆ, ಎರಡು ಕಿವಿಯ ಲಾಭ ಪೂರ್ತಿ ಸಿಗುತ್ತಿಲ್ಲ ಅಂತ.

ಇಂಗ್ಲಿಷ್ ವಾಕ್ಯ ಕೊಟ್ಟು ನಮ್ಮ ಅಜ್ಜಿಯನ್ನು ಕೂರಿಸಿದರೆ ಕಿವಿಯ ಬದಲು ಇಂಗ್ಲಿಷ್ ಪರೀಕ್ಷೆ ಆಗುತ್ತದೆ ಅಲ್ವಾ, ಅದಕ್ಕೇ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಕನ್ನಡದಲ್ಲೇ ವಾಕ್ಯಪಟ್ಟಿ ಮಾಡಿದ್ದಾರೆ. ಕಿವಿ ಪರೀಕ್ಷೆ ಮಾಡುವ ತಜ್ಞರ (ಆಡಿಯಾಲಜಿಸ್ಟ್) ಹತ್ತಿರ ಹೋದಾಗ 'ಗದ್ದಲದಲ್ಲಿ ಮಾತು ತಿಳಿಯಲ್ಲ' ಅಂತ ಬಿಡಿಸಿ ಹೇಳಿ. ಸುಮ್ನೆ 'ಕಿವಿ ಸರಿಯಾಗಿ ಕೇಳಲ್ಲ' ಅಂದರೆ ಮತ್ತೆ ಅದೇ ಬಟನ್ ಒತ್ತಿಸಿ ಕಳಿಸುತ್ತಾರೆ.