ಶ್ವಾನನಿದ್ರೆ: ಅರ್ಧ ನಿಜ ಹೇಳುವ ಪದ

ಶ್ವಾನನಿದ್ರೆ ಅಂದರೆ ಎಚ್ಚರದ ನಿದ್ದೆ. ಕಣ್ಣು ಮುಚ್ಚಿದ್ದರೂ ಕಿವಿ ಮಲಗಿರುವುದಿಲ್ಲ. ಕಡ್ಡಿ ಅಲುಗಿದರೂ ಎದ್ದು ಕೂರುವಂಥ ನಿದ್ದೆ. ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳನ್ನು ಹೇಳುವ ಸಂಸ್ಕೃತ ಸುಭಾಷಿತವೊಂದಿದೆ ಅಲ್ವಾ, ಅದರಲ್ಲಿ ಕಾಗೆಯ ಚುರುಕು, ಕೊಕ್ಕರೆಯ ಧ್ಯಾನದ ಪಕ್ಕದಲ್ಲೇ ನಾಯಿಯ ನಿದ್ದೆಯೂ ಬರುತ್ತದೆ.

ಪದ ಕಟ್ಟಿದವರು ನಾಯಿಯನ್ನು ಚೆನ್ನಾಗಿಯೇ ನೋಡಿದ್ದಾರೆ. ಆದರೆ ಪೂರ್ತಿ ನೋಡಿಲ್ಲ, ಬೇಗ ಎದ್ದು ಹೋಗಿರಬೇಕು!

ನಾಯಿ ನಮ್ಮ ಹಾಗೆ ರಾತ್ರಿಯಿಡೀ ಒಂದೇ ಸಲ ಮಲಗುವುದಿಲ್ಲ. ಹಗಲು ರಾತ್ರಿ ತುಂಡು ತುಂಡಾಗಿ ನಿದ್ದೆ ಮಾಡುತ್ತದೆ. ಮುಂಗಾಲಿನ ಮೇಲೆ ಗದ್ದ ಊರಿ ಮಲಗಿದಾಗ ಅದು ತೂಕಡಿಕೆ. ಕಿವಿ ಸದ್ದಿನ ಕಡೆ ತಿರುಗುತ್ತಲೇ ಇರುತ್ತದೆ. ಶ್ವಾನನಿದ್ರೆ ಅಂತ ಹೇಳಬಹುದಾದದ್ದು ಇಷ್ಟನ್ನೇ.

ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮಗ್ಗುಲಿಗೆ ಉರುಳಿರುತ್ತದೆ, ಮೈ ಸಡಿಲ, ಉಸಿರು ನಿಧಾನ. ಆಮೇಲೆ ಇದ್ದಕ್ಕಿದ್ದ ಹಾಗೆ ಉಸಿರು ಏರುಪೇರಾಗುತ್ತದೆ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುತ್ತದೆ, ಮೀಸೆ ಅದುರುತ್ತದೆ. ಕಾಲುಗಳು ಮಲಗಿದಲ್ಲೇ ಓಡುತ್ತವೆ. ಬಾಯಿ ಮುಚ್ಚಿಕೊಂಡೇ ‘ವುಫ್’ ಅನ್ನುತ್ತದೆ. ಇದಕ್ಕೆ ರೆಮ್ (ರ‍್ಯಾಪಿಡ್ ಐ ಮೂವ್‌ಮೆಂಟ್, ಅಂದರೆ ಕಣ್ಣುಗುಡ್ಡೆ ವೇಗವಾಗಿ ಓಡಾಡುವ) ನಿದ್ದೆ ಅಂತ ಹೆಸರು. ಮನುಷ್ಯರಲ್ಲಿ ಇದನ್ನು 1953ರಲ್ಲಿ ವಿವರಿಸಿದವರು ಷಿಕಾಗೊ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್.

ಈ ಹೊತ್ತಿನಲ್ಲಿ ಮಿದುಳು ಎಚ್ಚರದಲ್ಲಿದ್ದಷ್ಟೇ ಚುರುಕು. ಆದರೆ ಮಿದುಳಿನ ಬುಡದಲ್ಲಿರುವ ಪಾನ್ಸ್ ಎಂಬ ಭಾಗ ಮೈಯ ಸ್ನಾಯುಗಳಿಗೆ ಬೀಗ ಹಾಕಿಡುತ್ತದೆ. ಫ್ರಾನ್ಸಿನ ವಿಜ್ಞಾನಿ ಮಿಷೆಲ್ ಜುವೆ ಬೆಕ್ಕುಗಳಲ್ಲಿ ಈ ಬೀಗ ಕೆಡಿಸಿ ನೋಡಿದರು. ಬೆಕ್ಕುಗಳು ನಿದ್ದೆಯಲ್ಲೇ ಎದ್ದು, ಇಲ್ಲದ ಬೇಟೆಯ ಮೇಲೆ ಎರಗಿದವು. ನಾಯಿಯ ಕಾಲು ಅದುರುವುದು ಆ ಬೀಗದ ಸಂದಿಯಿಂದ ಸೋರುವ ಚೂರುಪಾರು ಚಲನೆ ಅಷ್ಟೇ. ಮರಿಗಳಲ್ಲಿ ಬೀಗ ಇನ್ನೂ ಬಲಿತಿರುವುದಿಲ್ಲ. ಅದಕ್ಕೇ ಅವುಗಳ ಕುಣಿತ ಜಾಸ್ತಿ.

ಹಾಗಾದರೆ ಅದು ಕನಸೇ? ಇಲಿಗಳ ಮಿದುಳಿನಲ್ಲಿ, ಓಡಿದ ದಾರಿಯ ಗುರುತು ರೆಮ್ ನಿದ್ದೆಯಲ್ಲಿ ಮತ್ತೆ ಮೂಡುವುದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೆನ್ವೇ ಲೂಯಿ ಮತ್ತು ಮ್ಯಾಥ್ಯೂ ವಿಲ್ಸನ್ 2001ರಲ್ಲಿ ತೋರಿಸಿದ್ದಾರೆ. ನಾಯಿಗೂ ಕನಸು ಬೀಳುತ್ತದೆ ಅಂದುಕೊಳ್ಳಲು ನನಗೇನೂ ಅಡ್ಡಿಯಿಲ್ಲ. ಬೆಕ್ಕನ್ನೇ ಅಟ್ಟುತ್ತಿದೆ ಅನ್ನುವುದು ಮಾತ್ರ ನಾವು ಸುಮ್ನೆ ಕಟ್ಟುವ ಕತೆ.

ಇದನ್ನು ಫಿಟ್ಸ್ ಅಂದುಕೊಂಡು ಗಾಬರಿಯಾಗುವವರಿದ್ದಾರೆ. ಕನಸಿನ ಅದುರು ಬಿಟ್ಟು ಬಿಟ್ಟು ಬರುತ್ತದೆ, ಕೂಗಿದರೆ ನಾಯಿ ಏಳುತ್ತದೆ. ಫಿಟ್ಸ್‌ನಲ್ಲಿ ಕೈಕಾಲು ಸೆಟೆಯುತ್ತವೆ, ಜೊಲ್ಲು ಸುರಿಯಬಹುದು, ಉಚ್ಚೆ ಹೋಗಬಹುದು, ಕರೆದರೆ ಓಗೊಡುವುದಿಲ್ಲ. ಆಗ ಪಶುವೈದ್ಯರಿಗೆ ತೋರಿಸಲೇಬೇಕು. ಅನುಮಾನ ಬಂದರೆ ದೂರದಿಂದ ಹೆಸರು ಹಿಡಿದು ಕರೆಯಿರಿ, ಮುಟ್ಟಬೇಡಿ. ಕನಸಿನಿಂದ ಬೆಚ್ಚಿಬಿದ್ದ ನಾಯಿ, ಎದುರಿಗಿರುವವರು ಯಾರು ಅಂತ ನೋಡುವ ಮೊದಲೇ ಕಚ್ಚಿಬಿಡಬಹುದು.