ಮೆಸೋಥೆಲಿಯೋಮಾ ಮತ್ತೆ ಬಂದ್ರೆ ಮೊದಲು ಹಳೇ ಫೈಲ್ ತಗೊಂಡು ಬನ್ನಿ

"ಸರ್ರ, ಮತ್ತ ಬಂದೈತಂತ್ರಿ, ಎಲ್ಲಾಕ್ಕಿಂತ ಸ್ಟ್ರಾಂಗ್ ಇಂಜೆಕ್ಷನ್ ಯಾವ್ದೈತಿ ಅದನ್ನ ಕೊಡ್ರಿ." ಕೊಪ್ಪಳ, ರಾಯಚೂರು ಕಡೆಯಿಂದ ಬಳ್ಳಾರಿಗೆ ಬರೋ ಮನೆಯವರು ಹೆಚ್ಚಾಗಿ ಕೇಳೋದೇ ಇದನ್ನ. ಕೈಯಲ್ಲಿ ಹೊಸ ಸಿಟಿ ಸ್ಕ್ಯಾನ್ ಇರುತ್ತೆ, ಹಳೇ ಫೈಲ್ ಊರಲ್ಲಿ ಬೀರುವಿನಲ್ಲಿ. ಆದ್ರೆ ಮುಂದಿನ ಔಷಧಿ ಯಾವುದು ಅಂತ ತೀರ್ಮಾನ ಮಾಡೋದು ಆ ಹಳೇ ಫೈಲೇ.

ಮೆಸೋಥೆಲಿಯೋಮಾ ಹೆಚ್ಚಾಗಿ ಶ್ವಾಸಕೋಶದ ಸುತ್ತ ಇರೋ ಪೊರೆಗೆ ಬರೋ ಕ್ಯಾನ್ಸರ್, ಆಸ್ಬೆಸ್ಟಾಸ್ ಧೂಳು ಕುಡಿದು ಇಪ್ಪತ್ತು ಮೂವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಳೆದ ಮೇಲೆ ಕಾಣಿಸ್ಕೊಳ್ಳುತ್ತೆ. ಮತ್ತೆ ಬಂದಾಗ ನಾನು ಫೈಲಲ್ಲಿ ಹುಡುಕೋದು ಬಯಾಪ್ಸಿ ರಿಪೋರ್ಟಲ್ಲಿ ಕ್ಯಾನ್ಸರ್ ಕಣದ ಜಾತಿ ಎಪಿಥೀಲಿಯಾಯ್ಡ್ ಅಂತ ಇದೆಯಾ ಸಾರ್ಕೊಮಟಾಯ್ಡ್ ಅಂತ ಇದೆಯಾ, ಮೊದಲ ಸಲ ಏನು ಕೊಟ್ಟಿದ್ರು, ಕೊನೇ ಡೋಸ್ ಆಗಿ ಎಷ್ಟು ತಿಂಗಳು ಕಾಯಿಲೆ ಸುಮ್ನಿತ್ತು. ಇಷ್ಟು ಗೊತ್ತಾದ್ರೆ ಅರ್ಧ ದಾರಿ ಸ್ಪಷ್ಟ.

ಮೊದಲ ಸಲ ಕೀಮೋ, ಅಂದ್ರೆ ಪೆಮೆಟ್ರೆಕ್ಸೆಡ್ ಜೊತೆ ಸಿಸ್ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಆಗಿದ್ದು, ಆಮೇಲೆ ಆರು ತಿಂಗಳಿಗಿಂತ ಹೆಚ್ಚು ಕಾಯಿಲೆ ಹಿಡಿತದಲ್ಲಿದ್ರೆ ಅದೇ ಪೆಮೆಟ್ರೆಕ್ಸೆಡ್ ಇನ್ನೊಂದ್ಸಲ ಕೊಡಬಹುದು. "ಹಳೇ ಔಷಧಿನೇ ಕೊಡ್ತಾರಲ್ಲ" ಅಂತ ಬೇಜಾರು ಬೇಡ, ಅಷ್ಟು ದಿನ ತಡೆದಿದ್ದ ಔಷಧಿಗೆ ಮತ್ತೆ ತಡೆಯೋ ಅವಕಾಶ ಇರುತ್ತೆ. ಇಲ್ಲಿ ಒಂದ್ಮಾತು, ಇದರ ಜೊತೆ ದಿನಾ ನುಂಗೋ ಫೋಲಿಕ್ ಆಸಿಡ್ ಗುಳಿಗೆ, ಒಂಬತ್ತು ವಾರಕ್ಕೊಮ್ಮೆ ಹಾಕಿಸೋ ಬಿ12 ಇಂಜೆಕ್ಷನ್ನನ್ನ "ಬರೀ ವಿಟಮಿನ್ ಅಲ್ವಾ" ಅಂತ ಎಷ್ಟೋ ಜನ ಬಿಟ್ಬಿಡ್ತಾರೆ, ಬಿಟ್ರೆ ಬಿಳಿ ರಕ್ತಕಣ ಬಿದ್ದು ಬಾಯೆಲ್ಲ ಹುಣ್ಣಾಗಿ ಅಡ್ಮಿಟ್ ಮಾಡೋ ಪರಿಸ್ಥಿತಿ ಬರುತ್ತೆ. ಮೈಕೈ ನೋವು ಅಂತ ಮೆಡಿಕಲ್ ಶಾಪಲ್ಲಿ ಡೈಕ್ಲೋಫೆನಾಕ್ ತಗೊಂಡು ನುಂಗೋದೂ ಬೇಡ, ಅದು ಕಿಡ್ನಿಗೆ ಹೊಡೆತ ಕೊಡಬಹುದು, ಕಿಡ್ನಿ ಸ್ವಲ್ಪ ಸೋತಿದ್ರೂ ಪೆಮೆಟ್ರೆಕ್ಸೆಡ್ ಮೈಯಲ್ಲೇ ಉಳಿದು ತೊಂದರೆ ಕೊಡುತ್ತೆ.

ಮೊದಲೇ ಇಮ್ಯುನೋಥೆರಪಿ, ಅಂದ್ರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ನಿವೊಲುಮ್ಯಾಬ್-ಇಪಿಲಿಮುಮ್ಯಾಬ್ ಔಷಧಿ ಆಗಿದ್ರೆ ಈಗ ಕೀಮೋ ಸರದಿ. ನಮ್ಮ ಭಾಗದಲ್ಲಿ ಖರ್ಚಿನ ಕಾರಣಕ್ಕೆ ಹೆಚ್ಚಿನವರಿಗೆ ಮೊದಲು ಕೀಮೋನೇ ಆಗಿರುತ್ತೆ, ಅವರಿಗೆ ಮತ್ತೆ ಬಂದಾಗ ಇಮ್ಯುನೋಥೆರಪಿ ಮಾತು ಬರುತ್ತೆ. ಬ್ರಿಟನ್ನಿನ ಕನ್ಫರ್ಮ್ ಅನ್ನೋ ಟ್ರಯಲ್ಲಲ್ಲಿ, 2021ರಲ್ಲಿ ರಿಸಲ್ಟ್ ಬಂತು, ನಿವೊಲುಮ್ಯಾಬ್ ತಗೊಂಡವರ ಸರಾಸರಿ ಬದುಕು ಸುಮಾರು 10 ತಿಂಗಳು, ಔಷಧಿ ಇಲ್ಲದ ಡ್ರಿಪ್ ತಗೊಂಡವರದ್ದು ಸುಮಾರು 7. ಪೆಂಬ್ರೊಲಿಜುಮ್ಯಾಬ್ ಅನ್ನೋ ಇನ್ನೊಂದು ಇಮ್ಯುನೋಥೆರಪಿ ಔಷಧಿಯನ್ನ ಕೀಮೋ ಎದುರು ನಿಲ್ಲಿಸಿ ನೋಡಿದ ಇನ್ನೊಂದು ಟ್ರಯಲ್ಲಲ್ಲಿ ಆಯಸ್ಸೇನೂ ಹೆಚ್ಚಾಗಲಿಲ್ಲ. ಈ ಎರಡೂ ಲೆಕ್ಕ ಮನೆಯವರ ಮುಂದೆ ಇಟ್ಟೇ ನಾನು ಮಾತಾಡೋದು, ಯಾಕಂದ್ರೆ ಖರ್ಚು ಲಕ್ಷಗಟ್ಟಲೆ, ಹೊಲ ಮಾರೋಕೂ ರೆಡಿ ಇರ್ತಾರೆ. ಮಾರೋದಕ್ಕೆ ಮುಂಚೆ ಯಾವ ಸ್ಕೀಮಲ್ಲಿ ಏನು ಸಿಗುತ್ತೆ ಕೇಳಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಂದ್ಸಲ ಒಪಿನಿಯನ್ ತಗೊಳ್ಳಿ.

ಇಮ್ಯುನೋಥೆರಪಿ ತಗೊಳ್ತಿರೋರಿಗೆ ದಿನಕ್ಕೆ ನಾಲ್ಕೈದು ಸಲ ಭೇದಿ ಆದ್ರೆ, ಇಲ್ಲಾ ಒಣಕೆಮ್ಮು, ದಮ್ಮು ಹೊಸದಾಗಿ ಶುರುವಾದ್ರೆ, ಊರಲ್ಲಿ ಗ್ಲೂಕೋಸ್ ಬಾಟಲ್ ಹಾಕಿಸ್ಕೊಂಡು ಮಲಗಬೇಡಿ, ಅವತ್ತೇ ಫೋನ್ ಮಾಡಿ. ಅದು ಔಷಧಿಯಿಂದಲೇ ಕರುಳು, ಶ್ವಾಸಕೋಶ ಉರಿಯೋದು ಇರಬಹುದು, ಹಾಗಿದ್ರೆ ಸ್ಟೀರಾಯ್ಡ್ ಬೇಗ ಶುರು ಮಾಡ್ಬೇಕು.

ಇವು ಹೊಂದದವರಿಗೆ ವಿನೊರೆಲ್ಬಿನ್, ಜೆಮ್‌ಸಿಟಾಬಿನ್ ಅನ್ನೋ ಬೇರೆ ಕೀಮೋ ಔಷಧಿ ಇದಾವೆ, ಸಾಧಾರಣ ಫಲ, ಖರ್ಚು ಕಮ್ಮಿ. ಎರಡನೇ ಸಲ ಆಪರೇಷನ್ ಅಂತೂ ತೀರಾ ಅಪರೂಪ.

ಜನ ಟ್ರೀಟ್‌ಮೆಂಟ್ ಅಂತಲೇ ಎಣಿಸದ, ಆದ್ರೆ ರೋಗಿಗೆ ಎಲ್ಲಕ್ಕಿಂತ ಬೇಗ ನೆಮ್ಮದಿ ಕೊಡೋದು ಎದೆಯ ನೀರು ತೆಗೆಯೋದು. ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೂ ಆಗದೆ, ರಾತ್ರಿ ಮೂರು ದಿಂಬಿಗೆ ಒರಗಿ ಕೂತೇ ಇರೋರಿಗೆ ಬೆನ್ನ ಕಡೆಯಿಂದ ಸೂಜಿ ಹಾಕಿ ಒಂದು, ಒಂದೂವರೆ ಲೀಟರ್ ನಿಧಾನಕ್ಕೆ ಇಳಿಸಿದ್ರೆ ಅವತ್ತೇ ರಾತ್ರಿ ಮಲಗ್ತಾರೆ. ಒಂದೇ ಸಲ ಪೂರ್ತಿ ಎಳೆದ್ರೆ ಶ್ವಾಸಕೋಶ ತಡ್ಕೊಳ್ಳಲ್ಲ, ಕೆಮ್ಮು ಎದೆಬಿಗಿತ ಶುರುವಾದ ಕೂಡಲೇ ನಿಲ್ಲಿಸ್ತೀವಿ. ನೀರು ತೆಗೆದ ಮೇಲೆ ಶ್ವಾಸಕೋಶ ಅರಳಿದ್ರೆ ಮತ್ತೆ ನೀರು ತುಂಬದ ಹಾಗೆ ಟಾಲ್ಕ್ ಪುಡಿ ಹಾಕಿ ಪೊರೆ ಅಂಟಿಸಬಹುದು. ಗೆಡ್ಡೆ ಸುತ್ತಿಕೊಂಡು ಅರಳದೇ ಹೋದ್ರೆ ಟಾಲ್ಕ್ ಕೆಲಸ ಮಾಡಲ್ಲ, ಆಗ ಚರ್ಮದಡಿ ಸಣ್ಣ ಪೈಪ್ ಇಟ್ಟು ಕಳಿಸ್ತೀವಿ, ದಿನ ಬಿಟ್ಟು ದಿನ ಮನೆಯಲ್ಲೇ ನೀರು ತೆಗೀಬಹುದು, ಪದೇಪದೇ ಬಸ್ ಹತ್ತಿ ಬರೋದು ತಪ್ಪುತ್ತೆ. ಕೈ ತೊಳೆದು, ಡ್ರೆಸ್ಸಿಂಗ್ ಒದ್ದೆಯಾಗದ ಹಾಗೆ ನೋಡ್ಕೋಬೇಕು, ಮಗಳೋ ಸೊಸೆಯೋ ಎರಡು ಸಲ ನೋಡಿದ್ರೆ ಕಲೀತಾರೆ.

ಪಕ್ಕೆ ನೋವಿಗೆ ಕೆಲವೇ ದಿನದ ರೇಡಿಯೇಷನ್ ಕೊಡಬಹುದು. ಮಾರ್ಫಿನ್ ಗುಳಿಗೆ ಅಂದ್ರೆ ಮನೆಯವರು ಹೆದರ್ತಾರೆ, "ಚಟ ಆಗ್ತದ್ರಿ" ಅಂತಾರೆ. ಡಾಕ್ಟರ್ ಹೇಳಿದ ಅಳತೆಯಲ್ಲಿ, ಮಲ ಸಡಿಲ ಮಾಡೋ ಔಷಧಿ ಜೊತೆ ಕೊಟ್ರೆ ನೋವೂ ಇಳಿಯುತ್ತೆ, ದಮ್ಮೂ ಸ್ವಲ್ಪ ಹಗುರಾಗುತ್ತೆ.

ದಿನದ ಅರ್ಧಕ್ಕಿಂತ ಹೆಚ್ಚು ಹಾಸಿಗೆಯಲ್ಲೇ ಇರೋರಿಗೆ ಕೀಮೋ ಹಾಕಿದ್ರೆ ಲಾಭಕ್ಕಿಂತ ತೊಂದರೆನೇ ಜಾಸ್ತಿ, ಅಂಥ ಕಡೆ ನಾನು ಬೇಡ ಅಂತೀನಿ. "ಅಪ್ಪಾಜಿಗೆ ಹೇಳಬ್ಯಾಡ್ರಿ" ಅಂತ ಮಕ್ಕಳು ಬಾಗಿಲ ಹೊರಗೆ ಕರ್ದು ಹೇಳ್ತಾರೆ, ಅವರ ಸಂಕಟ ಅರ್ಥ ಆಗುತ್ತೆ, ಆದ್ರೂ ಮೈ ಅವರದ್ದು, ಅವರಿಗೆ ಎಷ್ಟು ಗೊತ್ತಾಗ್ಬೇಕು ಅಂತ ಅವರನ್ನೇ ಕೇಳ್ತೀನಿ.

ಫೈಲ್ ಜೊತೆಗೆ ಹಳೇ ಕೆಲಸದ ಐಡಿ ಕಾರ್ಡ್, ಇಎಸ್‌ಐ ಚೀಟಿ, ಪಗಾರ ಪತ್ರ ಏನಿದ್ರೂ ತನ್ನಿ. ಆಸ್ಬೆಸ್ಟಾಸಿನಿಂದ ಬರೋ ಮೆಸೋಥೆಲಿಯೋಮಾ ಕಾನೂನಿನ ಪ್ರಕಾರ ಪರಿಹಾರಕ್ಕೆ ಬರೋ ಔದ್ಯೋಗಿಕ ಕಾಯಿಲೆ. ಯಾವ ವರ್ಷ ಎಲ್ಲಿ ಏನು ಕೆಲಸ ಮಾಡಿದ್ರು ಅಂತ ರೋಗಿ ಬಾಯಿಂದಲೇ ಕೇಳಿ ಕೇಸ್ ಶೀಟಲ್ಲಿ ಬರೆಸಿ, ಅವರಿಗೆ ಮಾತಾಡೋಕೆ ಉಸಿರಿರುವಾಗಲೇ.